ಪ್ರೀತಿಗೂ ಪಟ್ಟಿಯ ಹಂಗು

"ನಿಮ್ಮದು ಯಾವೂರು? ಯಾರ ಮನೆಯವರು?" ಹೆಣ್ಣು-ಗಂಡು ನೋಡುವಾಗ ನಮ್ಮ ಹಿರಿಯರು ಕೇಳುವ ಈ ಪ್ರಶ್ನೆಯನ್ನು ಕೆನಡಾದ ಮೂಲನಿವಾಸಿ ಹುಡುಗ ಹುಡುಗಿಯರು ಮೊದಲ ಭೇಟಿಯಲ್ಲೇ ಕೇಳಿಕೊಳ್ಳುತ್ತಾರಂತೆ. ನಮ್ಮಲ್ಲಿ ಹಲವರಿಗೆ ಸೋದರತ್ತೆಯ ಮಗ ಹೇಳಿಮಾಡಿಸಿದ ವರ. ಅಲ್ಲಿನ ಸಣ್ಣ ಸಮುದಾಯಗಳಲ್ಲಿ ಎದುರಿಗೆ ಕೂತವನು ಎಲ್ಲಿ ಕಸಿನ್ ಆಗಿಬಿಡುತ್ತಾನೋ ಎಂಬುದೇ ಅಳುಕು, ಅದೇ ಜೋಕು.

ಇಂಥ ನಗುವಿನ ಲೋಕದ್ದು ಟೆನೀಲ್ ಕ್ಯಾಂಪ್‌ಬೆಲ್ ಅವರ '#ಇಂಡಿಯನ್‌ಲವ್‌ಪೊಯೆಮ್ಸ್' (2017). ಸಸ್ಕ್ಯಾಚೆವಾನ್‌ನ ಉತ್ತರ ಭಾಗದ ಇಂಗ್ಲಿಷ್ ರಿವರ್ ಸಮುದಾಯದ ಈ ಡೆನೆ-ಮೆಟಿ ಕವಿ ಛಾಯಾಗ್ರಾಹಕಿಯೂ ಹೌದು. ಕವಿತೆಗಳಿಗೆ ಹೆಸರಿಲ್ಲ, ಸಂಖ್ಯೆಗಳಷ್ಟೇ. ಸಂಗಾತಿಯನ್ನು ಗಾಳಹಾಕಿ ಹಿಡಿಯುವುದಕ್ಕೆ ಅಲ್ಲಿನವರು 'ಸ್ನ್ಯಾಗಿಂಗ್' ಎನ್ನುತ್ತಾರೆ. ಈ ಸಂಕಲನದ ನಾಯಕಿ ಗಾಳ ಹಿಡಿದವಳು, ಸಿಕ್ಕಿಬಿದ್ದ ಮೀನಲ್ಲ. ಹಾಸಿಗೆಯಲ್ಲೇ ಸುಶಿ ಹಂಚಿಕೊಳ್ಳುತ್ತಾಳೆ. ಪೊಕಹೊಂಟಸ್ ಕಥೆಯ ಜಾನ್ ಸ್ಮಿತ್‌ನನ್ನೂ ಗೇಲಿಗೆಳೆಯುತ್ತಾಳೆ.

ಇದು ಬರೀ ಚೆಲ್ಲಾಟವಲ್ಲ ಎಂದು ತಿಳಿಯಲು ಅಲ್ಲಿನ ಕಾನೂನು ಗೊತ್ತಿರಬೇಕು. 1876ರ ಇಂಡಿಯನ್ ಆಕ್ಟ್ ಪ್ರಕಾರ ಹೊರಗಿನವನನ್ನು ಮದುವೆಯಾದ ಮೂಲನಿವಾಸಿ ಹೆಣ್ಣು ತನ್ನ ಅಧಿಕೃತ ಸ್ಥಾನವನ್ನೇ ಕಳೆದುಕೊಳ್ಳುತ್ತಿದ್ದಳು. ಗಂಡಸು ಬಿಳಿಯಳನ್ನು ಕಟ್ಟಿಕೊಂಡರೆ ಆಕೆಗೇ ಆ ಸ್ಥಾನ ಸಿಗುತ್ತಿತ್ತು! 1985ರ ತಿದ್ದುಪಡಿ ಇದನ್ನು ಅಳಿಸಿತು, ಆದರೆ ಇನ್ನೊಂದು ಲೆಕ್ಕ ತಂದಿಟ್ಟಿತು. ಅಜ್ಜಿ ಹೊರಗಿನವನಿಂದ ಮಗಳನ್ನು ಪಡೆದಳು, ಮಗಳೂ ಹಾಗೇ ಮಾಡಿದಳು ಅನ್ನಿ. ಮೊಮ್ಮಗುವಿನ ಹೆಸರು ಪಟ್ಟಿಯಲ್ಲಿಲ್ಲ. ಪ್ರೇಮದ ನಡುವೆ ಗುಮಾಸ್ತನೊಬ್ಬ ಕೂತಿದ್ದಾನೆ. ಅವನನ್ನು ಲೆಕ್ಕಿಸದೆ ಹೆಣ್ಣೊಬ್ಬಳು ತನ್ನ ಆಸೆಯನ್ನು ತಾನೇ ಎಣಿಸುವುದು, ಅದೂ ನಗುತ್ತಾ ಎಣಿಸುವುದು, ಈ ಪುಸ್ತಕದ ದೊಡ್ಡತನ.

ಕೊರತೆಯೂ ಇದೆ. ಕೆಲವು ಕವಿತೆಗಳು ಚಟಾಕಿ ಹಾರಿಸಿದ ಕೂಡಲೇ ಮುಗಿಯುತ್ತವೆ. ಇನ್ನೊಂದು ಗಳಿಗೆ ನಿಂತಿದ್ದರೆ ನಗುವಿನ ಕೆಳಗಿನ ಒಂಟಿತನವೂ ಕಾಣುತ್ತಿತ್ತು. ಗಂಡಸರು ಬಂದಷ್ಟೇ ಬೇಗ ಮರೆಯಾಗುತ್ತಾರೆ. ಆದರೆ ಪಿಸುಮಾತಲ್ಲಿ ಓದಿಕೊಂಡಾಗ ಈ ಆತುರವೂ ಹರಟೆಯ ಲಯವೇ ಅನಿಸುತ್ತದೆ.

ಪುಣೆಯಲ್ಲೋ ದೆಹಲಿಯಲ್ಲೋ ಕೂತು ಮದುವೆಯ ಆ್ಯಪ್‌ನಲ್ಲಿ 'ಮಾತೃಭಾಷೆ: ಕನ್ನಡ' ಎಂದು ಗುರುತು ಹಾಕುವ ನಮಗೆ ಈ ಹುಡುಕಾಟ ಅರ್ಥವಾಗದ್ದೇನಲ್ಲ. ಆದರೆ ಹೋಲಿಕೆ ಅಲ್ಲಿಗೆ ಸಾಕು. ನಾಳೆ ನಮ್ಮ ಮಕ್ಕಳು ಕನ್ನಡ ಮರೆತರೆ ನಮಗೆ ಸಂಕಟವಾದೀತು; ಯಾವ ಸರ್ಕಾರವೂ ಅವರನ್ನು ಕನ್ನಡಿಗರ ಪಟ್ಟಿಯಿಂದ ಹೊಡೆದುಹಾಕುವುದಿಲ್ಲ.