ಹೊಳೆದಂಡೆಯ ಹರಳು

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯವರಿಗೆ ಸಮುದ್ರವೆಂದರೆ ಕೃಷ್ಣೆಯೇ. ಸಂಕ್ರಾಂತಿ ಬಂತೆಂದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಳೆಗೆ ಹೊರಡುತ್ತಾರೆ. ಕೆಲವರು ಭೀಮೆ ಬಂದು ಕೂಡುವ ತಂಗಡಿಯತ್ತ, ಕೆಲವರು ಪಂಚದೇವಪಹಾಡದಲ್ಲಿ ಪುಟ್ಟಿ ಹತ್ತಿ ಶ್ರೀಪಾದ ಶ್ರೀವಲ್ಲಭರ ಕುರವಪುರಕ್ಕೆ. ಗದ್ವಾಲಿನವರು ಜೂರಾಲಕ್ಕೆ, ಅಲ್ಲಿ ಹುರಿದ ಮೀನಿನ ವಾಸನೆಯೇ ದಾರಿ ತೋರಿಸುತ್ತದೆ. ಮಿಂದು, ಉಂಡು, ಹಿರಿಯರು ನೆರಳು ಹುಡುಕುವ ಹೊತ್ತಿಗೆ ಮಕ್ಕಳು ನೀರಂಚಿನ ಗರಸಿನಲ್ಲಿ ಕುಕ್ಕರಗಾಲಲ್ಲಿ ಕೂತು ಹರಳು ಆರಿಸುತ್ತಿರುತ್ತಾರೆ. ಅವರ ಪಕ್ಕ ಹೋಗಿ ಕೂರುವ ದೊಡ್ಡವರಲ್ಲಿ ನಾನೂ ಒಬ್ಬ.

ಆರಿಸುವುದಕ್ಕೆ ಒಂದು ಹದ ಬೇಕು. ನಿಂತು ನೋಡಿದರೆ ಎಲ್ಲ ಕಲ್ಲೂ ಒಂದೇ ಬೂದು. ಕೂತು, ಒಂದು ಮೊಳ ಜಾಗದ ಮೇಲೆ ಕಣ್ಣಿಟ್ಟು, ಏನನ್ನೂ ಹುಡುಕದೆ ಸುಮ್ಮನಿದ್ದರೆ ಬಣ್ಣಗಳು ಒಂದೊಂದಾಗಿ ಮೇಲೇಳುತ್ತವೆ. ಮೊದಲು ಬಿಳಿಯ ಬೆಣಚು, ಆಮೇಲೆ ಇಟ್ಟಿಗೆಗೆಂಪು, ಅದಾದ ಮೇಲೆ ಹಸಿರು ಛಾಯೆಯ ಕಪ್ಪು. ಜೇನುಬಣ್ಣದ ಅಕೀಕು (ಅಗೇಟ್) ಕಾಣಿಸುವುದು ಕಟ್ಟಕಡೆಗೆ, ಅದೂ ಬಿಸಿಲು ಓರೆಯಾದಾಗ.

ಈ ಗರಸಿನಲ್ಲಿ ಊರವರೂ ಇದ್ದಾರೆ, ಪರವೂರವರೂ ಇದ್ದಾರೆ. ನಸುಗೆಂಪಿನ ಗ್ರಾನೈಟು, ಪಟ್ಟೆಪಟ್ಟೆಯ ನೈಸು ಈ ನೆಲದ್ದೇ. ಇನ್ನೂರೈವತ್ತು ಕೋಟಿ ವರ್ಷಗಳ ಆಸುಪಾಸಿನ ಈ ಬಂಡೆಯೇ ರಾಯಚೂರಿಗೂ ಗದ್ವಾಲಿಗೂ ಒಟ್ಟಿಗೆ ತಳಪಾಯ. ಗದ್ವಾಲ್, ಆಲಂಪುರ ತಾಲ್ಲೂಕುಗಳು 1956ರಲ್ಲಿ ರಾಯಚೂರು ಜಿಲ್ಲೆ ಬಿಟ್ಟು ಮಹಬೂಬನಗರಕ್ಕೆ ಸೇರಿದ್ದು ಅದಕ್ಕೆ ಗೊತ್ತೇ ಇಲ್ಲ. ಇದರ ಚೂರುಗಳು ದೂರ ಉರುಳಿದವಲ್ಲ. ಮೂಲೆಗಳು ಇನ್ನೂ ಚೂಪಾಗಿರುತ್ತವೆ, ಹಿಡಿದರೆ ಅಂಗೈಗೆ ತಾಗುತ್ತವೆ.

ನುಣ್ಣಗಿರುವವು ದೂರದಿಂದ ಬಂದವು. ಚಪ್ಪಟೆಯಾದ ಬೂದುಗಲ್ಲು ಸಿಕ್ಕರೆ ಅದು ಶಹಾಬಾದಿನ ಪರಸಿಯ ಸುಣ್ಣದಕಲ್ಲಿನ ಬಳಗ, ಭೀಮೆಯ ಕಡೆಯದು. ಗಟ್ಟಿಯಾದ ಕೆನ್ನೇರಳೆ ಮರಳುಗಲ್ಲು ಮಲಪ್ರಭೆಯ ಜೊತೆ ಕೂಡಲಸಂಗಮ ದಾಟಿ ಬಾದಾಮಿ ಸೀಮೆಯಿಂದ ಬಂದದ್ದಿರಬಹುದು. ಇವರೆಲ್ಲರಿಗಿಂತ ದೊಡ್ಡ ಪಯಣಿಗ ಅಕೀಕು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಲಾವಾ ಪದರಪದರವಾಗಿ ಹರಿದು ಆರಿತು. ಆರುವಾಗ ಒಳಗೆ ಗಾಳಿಗುಳ್ಳೆಗಳು ಉಳಿದವು. ಆಮೇಲೆ ಸಿಲಿಕಾ ಕರಗಿಸಿಕೊಂಡ ನೀರು ಆ ಗುಳ್ಳೆಗಳಿಗೆ ಇಳಿದು, ಗೋಡೆಗೆ ಒಂದರ ಒಳಗೊಂದು ಗೆರೆ ಬಳಿಯುತ್ತ ಹೋಯಿತು. ಆ ಕರಿಬಂಡೆ ಕಾಲಕ್ರಮದಲ್ಲಿ ಕರಗಿ ಜೋಳ ಬೆಳೆಯುವ ಎರೆಮಣ್ಣಾಯಿತು. ಗುಳ್ಳೆಯೊಳಗಿನ ಗಂಟು ಮಾತ್ರ ಕರಗಲಿಲ್ಲ. ಮಹಾಬಳೇಶ್ವರದಿಂದ ಕೃಷ್ಣೆ, ಭೀಮಾಶಂಕರದಿಂದ ಭೀಮೆ ಹರಿದುಬರುವುದು ಇಂಥ ನೆಲದ ಮೇಲೆ. ದಾರಿಯುದ್ದಕ್ಕೂ ಆ ಗಂಟುಗಳನ್ನು ಎತ್ತಿಕೊಂಡು, ಉಜ್ಜಿ, ಎರಡೂ ಹೊಳೆಗಳು ಇಲ್ಲಿ ತಂದು ಸುರಿದಿವೆ.

ಒಳ್ಳೆಯ ಅಕೀಕನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಸೂರ್ಯನಿಗೆ ಅಡ್ಡ ತರಬೇಕು. ನಡುವಿನ ಗೆರೆಗಳು ಕತ್ತಲಾಗಿಯೇ ಇರುತ್ತವೆ, ಅಂಚು ಮಾತ್ರ ಹೊತ್ತಿಕೊಳ್ಳುತ್ತದೆ. ಕೆಲವದರ ಹೊಟ್ಟೆಯಲ್ಲಿ ಪಾಚಿಯಂಥ ಹಸಿರು ಎಳೆಗಳು, ಗಿಡವಲ್ಲ, ಖನಿಜ. ಇನ್ನು ಕೆಲವದರಲ್ಲಿ ಗೆರೆಗಳು ಮಧ್ಯದವರೆಗೆ ಬಂದು ನಿಂತು, ಉಳಿದ ಪೊಳ್ಳಿನಲ್ಲಿ ಸಕ್ಕರೆಹರಳಿನಷ್ಟು ಸಣ್ಣ ಸ್ಫಟಿಕಗಳು ಮಿಂಚುತ್ತವೆ. ನನಗೆ ಇಂಥದೇ ಹೆಚ್ಚು ಇಷ್ಟ. ಪೂರ್ತಿ ತುಂಬಿದ ಕಲ್ಲು ತನ್ನ ಕತೆ ಮುಚ್ಚಿಡುತ್ತದೆ. ಅರ್ಧಕ್ಕೆ ನಿಂತದ್ದು ಕೆಲಸ ಹೇಗೆ ನಡೆಯಿತೆಂದು ತೋರಿಸಿಕೊಡುತ್ತದೆ.

ಮನೆಗೆ ಬಂದು ಜೇಬು ಬಿಚ್ಚಿದಾಗ ಮಕ್ಕಳ ಮುಖ ಬಾಡುವುದುಂಟು. ಹೊಳೆಯಲ್ಲಿ ಕೆಂಡದಂತಿದ್ದದ್ದು ಈಗ ಬೂದಿ ಬಡಿದಂತಿದೆ. ಒಣಕಲ್ಲಿನ ಮೈಮೇಲೆ ಕಣ್ಣಿಗೆ ಕಾಣದ ತರಕಲು. ಬಿದ್ದ ಬೆಳಕು ಅಲ್ಲೇ ಚೆದುರಿ ಬಿಳಿಮಂಕು ಕವಿಯುತ್ತದೆ. ನೀರಿನ ಪೊರೆ ಆ ತಗ್ಗುದಿಣ್ಣೆಗಳನ್ನು ಸಮ ಮಾಡಿದಾಗ ಬೆಳಕು ಒಳಹೊಕ್ಕು, ಕಲ್ಲಿನ ಬಣ್ಣ ಹೊತ್ತು ಹೊರಬರುತ್ತದೆ. ಗಾಜಿನ ಬೋಗುಣಿಗೆ ನೀರು ತುಂಬಿಸಿ ಹಾಕಿದರೆ ಹೊಳೆಯ ಬಣ್ಣವೇ ಮರಳುತ್ತದೆ. ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ನಾಲ್ಕು ದಿನದಲ್ಲಿ ಧೂಳು ಹಿಡಿಯುತ್ತದೆ, ಬೇಡ.

ಕೈಗೆ ಬಂದದ್ದು ಏನೆಂದು ತಿಳಿಯಲು ಅಡುಗೆಮನೆಯೇ ಸಾಕು. ಹನಿ ನಿಂಬೆರಸಕ್ಕೆ ಸಣ್ಣಗೆ ನೊರೆಗುಟ್ಟಿದರೆ ಸುಣ್ಣದಕಲ್ಲು. ಹಳೆಯ ಬಾಟಲಿಯ ಗಾಜಿನ ಮೇಲೆ ಗೀರು ಬಿದ್ದರೆ ಬಹುಮಟ್ಟಿಗೆ ಬೆಣಚು ಇಲ್ಲವೇ ಅಕೀಕು. ಎಲ್ಲಕ್ಕಿಂತ ಮಕ್ಕಳಿಗೆ ಮೆಚ್ಚು ಕತ್ತಲೆಕೋಣೆಯ ಆಟ: ಎರಡು ಬೆಣಚುಕಲ್ಲುಗಳನ್ನು ಗಟ್ಟಿಯಾಗಿ ಉಜ್ಜಿದರೆ ಒಳಗಿನಿಂದ ಮಸುಕು ಬೆಳಕು ಮಿಂಚಿ, ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ.

ವಜ್ರ ಸಿಕ್ಕೀತೇ ಎಂದು ಕೇಳುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಪ್ರಶ್ನೆ ತೀರ ಪೊಳ್ಳಲ್ಲ. ವಜ್ರವನ್ನು ಆಳದಿಂದ ಹೊತ್ತು ತರಬಲ್ಲ ಕಿಂಬರ್ಲೈಟ್ ಶಿಲೆ ನಾರಾಯಣಪೇಟೆ, ಮದ್ದೂರು, ಕೋಟಕೊಂಡ ಸುತ್ತ ಇದೆ. ಭೂವಿಜ್ಞಾನಿಗಳ ಬರಹಗಳಲ್ಲಿ ‘ನಾರಾಯಣಪೇಟೆ ಕಿಂಬರ್ಲೈಟ್ ಕ್ಷೇತ್ರ’ವೆಂದೇ ಹೆಸರು, ವಯಸ್ಸು ಸುಮಾರು 110 ಕೋಟಿ ವರ್ಷ. ಆದರೆ ಆ ಶಿಲೆ ಮೆದು, ಬೇಗ ಶಿಥಿಲವಾಗಿ ಮಣ್ಣಾಗುತ್ತದೆ. ಗರಸಿನಲ್ಲಿ ಹರಳಾಗಿ ಉಳಿಯುವ ಜಾತಿಯದಲ್ಲ. ಕೇಳಿದವರಿಗೆ ಒಂದು ಬೆಣಚುಕಲ್ಲು ಕೊಟ್ಟು ಸಮಾಧಾನ ಮಾಡಬೇಕು.

ಈ ಸೀಮೆಯಲ್ಲಿ ಕಲ್ಲಿಗೆ ಮನಸೋತವರಲ್ಲಿ ನಾವು ಮೊದಲಿಗರಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಅದೇ ಊರಿನ ನೆಲ ಅಗೆದಾಗ ಅಕೀಕಿನ, ಕೆಂಪು ಕಾರ್ನೀಲಿಯನ್ನಿನ ಮಣಿಗಳು ಸಿಕ್ಕವು. ಗಾಜು ಗೀರುವಷ್ಟು ಗಟ್ಟಿಯಾದ ಹರಳಿಗೆ ದಾರ ಹೋಗುವ ತೂತು ಕೊರೆಯಲು ಎಷ್ಟು ತಾಳ್ಮೆ ಬೇಕಿತ್ತೋ! ಕೃಷ್ಣಾ ಮಂಡಲದ ಮುಡುಮಾಲಿನಲ್ಲಿ ಇದೇ ಮೋಹ ಆಳೆತ್ತರ ಮೀರಿದೆ. ಮೂರು ಸಾವಿರ ವರ್ಷಕ್ಕೂ ಹಿಂದಿನವರು ಹತ್ತು ಹನ್ನೆರಡು ಅಡಿಯ ಬಂಡೆಗಳನ್ನು ಹೊಲದಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. ಒಂದು ಹಾಸುಗಲ್ಲಿನ ಮೇಲಿನ ಕುಳಿಗಳಲ್ಲಿ ಸಪ್ತರ್ಷಿ ಮಂಡಲವನ್ನು ವಿದ್ವಾಂಸರು ಗುರುತಿಸಿದ್ದಾರೆ. 2025ರಲ್ಲಿ ಅವು ಯುನೆಸ್ಕೋ ಪಾರಂಪರಿಕ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿದವು. ಆ ಬಂಡೆಗಳ ಬುಡದಿಂದ ಚಕ್ಕೆಯನ್ನೂ ಎತ್ತಬಾರದು. ನೆರಳು ಅಳೆಯಿರಿ, ಸುತ್ತು ಬನ್ನಿ, ಅಷ್ಟೇ.

ಹೊಳೆಯ ಹರಳುಗಳಿಗೂ ಈಗ ಲೆಕ್ಕವಿದೆ. ಕೃಷ್ಣೆಗೆ ಆಲಮಟ್ಟಿ, ನಾರಾಯಣಪುರ, ಭೀಮೆಗೆ ಉಜನಿ ಅಡ್ಡ ನಿಂತ ಮೇಲೆ ನೀರು ಬಾಗಿಲು ದಾಟಿ ಬರುತ್ತದೆ, ತಳದಲ್ಲಿ ಉರುಳುವ ಕಲ್ಲು ಹಿನ್ನೀರಿನಲ್ಲೇ ಕೂತುಬಿಡುತ್ತದೆ. ಸಹ್ಯಾದ್ರಿಯ ಮಗ್ಗುಲಿಂದ ಬಂದ ಅಕೀಕು ನಮ್ಮ ದಂಡೆಯಲ್ಲಿ ಸಿಕ್ಕರೆ, ಅದು ಬಹುಮಟ್ಟಿಗೆ ಅಣೆಕಟ್ಟಿಗಿಂತ ಮೊದಲೇ ಊರು ಬಿಟ್ಟದ್ದು. ಇನ್ನೊಂದು ಕಡೆ ಉಸುಕಿನ ಲಾರಿಗಳ ಸಾಲು. ಮಗುವಿನ ಮುಷ್ಟಿಯಿಂದ ಹೊಳೆ ಬರಿದಾಗದು ನಿಜ. ಆದರೂ ಚೀಲ ತುಂಬಿ ತರುವವರ ಮನೆಯಲ್ಲಿ ಕಲ್ಲುಗಳು ಚೀಲದಲ್ಲೇ ಉಳಿಯುತ್ತವೆ, ಯಾರೂ ಅವನ್ನು ಮತ್ತೆ ನೋಡುವುದಿಲ್ಲ.

ಅದಕ್ಕೇ ನಮ್ಮಲ್ಲೊಂದು ಕಟ್ಟಳೆ: ತಲೆಗೆ ಒಂದೇ ಕಲ್ಲು. ಜೀಪು ಹೊರಡುವ ಮೊದಲು ಪ್ರತಿಯೊಬ್ಬರೂ ತಮ್ಮ ಕಲ್ಲಿನ ಪರ ವಾದಿಸಬೇಕು. ‘ಚಂದ ಅದ’ ಎಂದರೆ ಸಾಲದು. ಯಾವ ಗೆರೆ, ಯಾವ ಬಣ್ಣ, ಯಾವ ಹೊಳೆಯ ಕಡೆಯದು, ಪಕ್ಕದಲ್ಲಿದ್ದದ್ದನ್ನು ಬಿಟ್ಟು ಇದೇ ಯಾಕೆ ಎಂದು ಹೇಳಬೇಕು. ಮಕ್ತಲ್ ಬರುವವರೆಗೂ ಜಗಳ ಮುಗಿಯುವುದಿಲ್ಲ. ಹೆಚ್ಚು ಸಲ ಗೆಲ್ಲುವುದು ಎಲ್ಲರಿಗಿಂತ ಚಿಕ್ಕವರೇ. ಅವರು ನೆಲಕ್ಕೆ ಹತ್ತಿರವಿರುತ್ತಾರೆ, ಮೇಲಾಗಿ ವಜ್ರ ಹುಡುಕುತ್ತಿರುವುದಿಲ್ಲ.