ಪ್ರೇಕ್ಷಕನ ಹೊಣೆ

ನಾಟಕವನ್ನು ವಿಮರ್ಶಿಸುವವರು ಕವಿಯನ್ನೂ ನಟನನ್ನೂ ತೂಗಿ ನೋಡುತ್ತಾರೆ. ಆಟ ನಡೆಯುವ ಸ್ಥಳವನ್ನು ತೂಗುವುದು ವಿರಳ. ಪ್ರೇಕ್ಷಕನು ಎಲ್ಲಿ ಕುಳಿತಿದ್ದಾನೆ ಎಂಬುದರ ಮೇಲೆ ಅವನು ಏನನ್ನು ಕಾಣುತ್ತಾನೆ ಎಂಬುದೂ ನಿಂತಿದೆಯಾದ್ದರಿಂದ ಈ ಉಪೇಕ್ಷೆ ಸಲ್ಲದು.

ನಗರಗಳ ಕಲಾಕೇಂದ್ರಗಳಲ್ಲಿ ದೊಡ್ಡ ಸಭಾಂಗಣದ ಮಗ್ಗುಲಿಗೇ ‘ಬ್ಲ್ಯಾಕ್ ಬಾಕ್ಸ್’ ಎಂಬ ಸಣ್ಣ ರಂಗಮಂದಿರವನ್ನು ಕಟ್ಟುವ ಪದ್ಧತಿ ಬೆಳೆದಿದೆ. ನಾಲ್ಕು ಕಪ್ಪು ಗೋಡೆಗಳು, ಸಮತಟ್ಟಾದ ನೆಲ, ದೀಪಗಳನ್ನು ತೂಗುಹಾಕಲು ಮೇಲೊಂದು ಕಬ್ಬಿಣದ ಚೌಕಟ್ಟು. ಎತ್ತರಿಸಿದ ವೇದಿಕೆಯಿಲ್ಲ, ಮುಂಪರದೆಯಿಲ್ಲ. ಆಸನಗಳನ್ನು ಒಂದೇ ಕಡೆ, ಎದುರುಬದುರಾಗಿ ಅಥವಾ ಸುತ್ತಲೂ ಇಡಬಹುದು. ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಸಾವಿರಕ್ಕೂ ಮಿಕ್ಕ ಆಸನಗಳ ಆಲಿವಿಯರ್ ರಂಗಮಂದಿರದ ಜೊತೆಗೆ, ಹೀಗೆ ಬದಲಿಸಬಲ್ಲ ಕಾಟ್ಸ್‌ಲೋ 1977ರಲ್ಲಿ ತೆರೆಯಿತು. 2014ರಿಂದ ಅದರ ಹೆಸರು ಡಾರ್ಫ್‌ಮನ್. ನಮ್ಮಲ್ಲಿ 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣದ ‘ಭೂಮಿಗೀತ’ವು ಇದೇ ಬಗೆಯ ಆಪ್ತತೆಯನ್ನು ಅರಸಿದ ರಂಗಮಂದಿರ. ಅದೂ ಕಲಾಮಂದಿರದ ಆವರಣದಲ್ಲೇ ಇದೆ.

ಈ ಆಪ್ತತೆ ನಮಗೆ ಹೊಸತೇನಲ್ಲ. ನಮ್ಮ ನಗರಗೆರೆಯ ಸೀಮೆಯವರು ಬಲ್ಲ ಕೇಳಿಕೆಯ ಆಟದಲ್ಲಿ ಜನರು ಅಟ್ಟದ ಮೂರು ಕಡೆಯಿಂದಲೂ ನೋಡುತ್ತಾರೆ. ನಟನ ಬೆವರೂ ಉಸಿರೂ ಮುಂದಿನ ಸಾಲಿಗೆ ತಿಳಿಯುತ್ತವೆ.

ಈ ಮಂದಿರದ ಬರಿದಾದ ರೂಪವನ್ನು ಅಪರಿಗ್ರಹವೆಂದು ಕೊಂಡಾಡುವ ಮನಸ್ಸಾಗುವುದು ಸಹಜ. ಲೆಕ್ಕಪತ್ರ ಬಲ್ಲವನು ಹಾಗೆನ್ನಲು ಹಿಂಜರಿಯುತ್ತಾನೆ. ದೀಪಗಳು, ಧ್ವನಿವ್ಯವಸ್ಥೆ, ಮಡಚುವ ಆಸನಗಳ ಯಂತ್ರ, ಪ್ರತಿ ಪ್ರಯೋಗಕ್ಕೂ ಅವನ್ನು ಬದಲಿಸುವ ಕೆಲಸಗಾರರ ಕೂಲಿ, ಇವೆಲ್ಲ ವೆಚ್ಚದ ಬಾಬುಗಳೇ. ಟಿಕೆಟ್ಟಿನ ಆದಾಯವಾದರೋ ಅಲ್ಪ. ಇಷ್ಟೆಲ್ಲ ವೆಚ್ಚಮಾಡಿದ ಮೇಲೂ ತಂಡಗಳು ಕುರ್ಚಿಗಳನ್ನು ಎಂದಿನಂತೆ ಒಂದೇ ಕಡೆ ಸಾಲಾಗಿ ಇಟ್ಟರೆ ಆ ಸೌಲಭ್ಯವು ಕಪಾಟಿನಲ್ಲಿಟ್ಟ ಶಾಸ್ತ್ರಗ್ರಂಥದಂತೆ ನಿರುಪಯೋಗಿ.

ಇದಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ. ಹತ್ತಿರ ಕುಳಿತಮಾತ್ರಕ್ಕೆ ಕಾಣುವುದುಂಟೆ? 941ರಲ್ಲಿ ರಚಿತವಾದ ಪಂಪನ ‘ಆದಿಪುರಾಣ’ದ ನೀಲಾಂಜನೆಯ ಪ್ರಸಂಗವನ್ನು ನೆನೆಯಬೇಕು. ವೃಷಭನಾಥನ ಆಸ್ಥಾನದಲ್ಲಿ ನರ್ತಿಸುತ್ತಿದ್ದ ಆಕೆಯ ಆಯುಷ್ಯ ನಡುವೆಯೇ ತೀರಿತು. ರಸಭಂಗವಾಗದಂತೆ ಇಂದ್ರನು ಅಂಥವಳೇ ಇನ್ನೊಬ್ಬಳನ್ನು ನಿರ್ಮಿಸಿ ನಿಲ್ಲಿಸಿದ, ನೃತ್ಯ ಮುಂದುವರಿಯಿತು. ಸಭೆಯೆಲ್ಲ ಅದೇ ನರ್ತಕಿಯೆಂದು ನೋಡುತ್ತಲೇ ಇತ್ತು. ಒಬ್ಬಳು ಇಲ್ಲವಾದದ್ದನ್ನು ಕಂಡವನು ಸ್ವಾಮಿಯೊಬ್ಬನೇ. ಆ ಕಾಣ್ಕೆಯೇ ವೈರಾಗ್ಯಕ್ಕೆ ಕಾರಣವಾಯಿತು. ಸಭೆಯ ಉಳಿದವರೂ ಅದೇ ಅಂಗಳದಲ್ಲಿದ್ದರು, ಅದೇ ಬೆಳಕಿನಲ್ಲಿ ನೋಡುತ್ತಿದ್ದರು. ಅವರಿಗೆ ಕೊರತೆಯಾದದ್ದು ಸಾಮೀಪ್ಯವಲ್ಲ, ಅವಧಾನ.

ಆದ್ದರಿಂದ ಸಭಾಭವನ ಕಟ್ಟಿಸಹೊರಟ ಧರ್ಮದರ್ಶಿಗಳಲ್ಲಿ ನನ್ನ ವಿನಂತಿ ಎರಡು. ಎತ್ತರದ ವೇದಿಕೆಗೂ ಅಲಂಕಾರದ ಕಮಾನಿಗೂ ಹಣವಿಡುವ ಮುನ್ನ, ಸಮತಟ್ಟಾದ ನೆಲ ಮತ್ತು ಸುಲಭವಾಗಿ ಸರಿಸಬಲ್ಲ ಆಸನಗಳ ಬಗ್ಗೆ ಯೋಚಿಸಿರಿ. ಪ್ರವಚನಕ್ಕೂ ಮಕ್ಕಳ ನಾಟಕಕ್ಕೂ ಅದೇ ಸಾಕು. ಎರಡನೆಯದಾಗಿ, ಆ ಮಕ್ಕಳಿಗೆ ಆಡುವುದನ್ನು ಕಲಿಸಿದಷ್ಟೇ ಶ್ರದ್ಧೆಯಿಂದ ನೋಡುವುದನ್ನೂ ಕಲಿಸಿರಿ. ಮಂದಿರವು ನಮ್ಮನ್ನು ನಟನ ಹತ್ತಿರಕ್ಕೆ ಒಯ್ಯಬಲ್ಲದು. ಅಲ್ಲಿ ಕಣ್ಣು ತೆರೆದಿರಬೇಕಾದವರು ನಾವು.