ಡಾಲ್ಮೆನ್ ಮತ್ತು ಕ್ರಾಮ್‌ಲೆಕ್: ಒಂದು ಪದವಿಚಾರ

ಬೃಹತ್ ಶಿಲಾ ಸ್ಮಾರಕಗಳನ್ನು ಕುರಿತ ನಮ್ಮ ಬರಹಗಳಲ್ಲಿ ‘ಡಾಲ್ಮೆನ್’, ‘ಕ್ರಾಮ್‌ಲೆಕ್’ ಎಂಬ ಪದಗಳು ಒಂದರ ಸ್ಥಾನದಲ್ಲಿ ಮತ್ತೊಂದು ಬರುತ್ತಿರುವುದನ್ನು ವಾಚಕರು ಗಮನಿಸಿರಬಹುದು. ಇದಕ್ಕೆ ಲೇಖಕರ ಅಜಾಗರೂಕತೆಯೊಂದೇ ಕಾರಣವಲ್ಲ. ಪದಗಳ ಚರಿತ್ರೆಯಲ್ಲಿಯೇ ತೊಡಕಿದೆ.

ಡಾಲ್ಮೆನ್ ಎಂಬುದನ್ನು ಫ್ರಾನ್ಸಿನ ಬ್ರಿಟನಿ ಪ್ರಾಂತದ ಭಾಷೆಯಿಂದ ಬಂದುದೆಂದು ಹೇಳುವುದು ವಾಡಿಕೆ. ‘ಕಲ್ಲಿನ ಮೇಜು’ ಎಂದು ಅರ್ಥ. ನೆಟ್ಟ ಚಪ್ಪಡಿಗಳ ಮೇಲೆ ಹಾಸುಗಲ್ಲು ಹೊದಿಸಿದ ಕೋಣೆಗೆ ಅದು ಸಲ್ಲುತ್ತದೆ. ಕ್ರಾಮ್‌ಲೆಕ್ ವೆಲ್ಷ್ ಪದ. ವೇಲ್ಸಿನಲ್ಲಿ ಅದೂ ಇಂಥ ಕೋಣೆಯ ಹೆಸರೇ. ಫ್ರೆಂಚ್ ವಿದ್ವಾಂಸರಾದರೋ ಅದನ್ನು ವರ್ತುಲಾಕಾರವಾಗಿ ನಿಲ್ಲಿಸಿದ ಕಲ್ಲುಗಳಿಗೆ ಅನ್ವಯಿಸಿದರು. ಕಡಲಿನ ಒಂದು ದಡದಲ್ಲಿ ಮನೆಯಾದುದು ಮತ್ತೊಂದು ದಡದಲ್ಲಿ ಬೇಲಿಯಾಯಿತು!

ಈ ತೊಡಕು ನಮ್ಮ ನಾಡಿಗೆ ಬಂದುದು ಮೆಡೋಸ್ ಟೇಲರನ ಮೂಲಕ. ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಆತನು ರಾಜನಕೋಳೂರಿನ ಶಿಲಾಕೋಣೆಗಳನ್ನು ವೇಲ್ಸಿನ ಅರ್ಥದಲ್ಲಿ ಕ್ರಾಮ್‌ಲೆಕ್ ಎಂದು ಕರೆದನು. ಫ್ರೆಂಚ್ ಅರ್ಥವನ್ನು ಅನುಸರಿಸಿದ ಕೈಪಿಡಿಯನ್ನು ಓದಿದ್ದ ನಮ್ಮ ವಿದ್ಯಾರ್ಥಿಯೊಬ್ಬನು ಅಲ್ಲಿ ವೃತ್ತಗಳನ್ನು ಹುಡುಕಿ, ಕಾಣದೆ, ಟೇಲರನೇ ತಪ್ಪಿದನೆಂದು ಪ್ರಬಂಧದಲ್ಲಿ ಬರೆದನು. ಅಂಕ ಕಳೆಯಲು ನನಗೆ ಮನಸ್ಸು ಬರಲಿಲ್ಲ; ತಪ್ಪು ಪಾಠ ಹೇಳಿದವರದು.

ಬ್ರಹ್ಮಗಿರಿಯಲ್ಲಿ ಪ್ರಶ್ನೆ ಇನ್ನೂ ಜಟಿಲ. 1947ರಲ್ಲಿ ವ್ಹೀಲರ್ ಅಲ್ಲಿ ಅಗೆಸಿದ ಸಮಾಧಿಗಳಲ್ಲಿ ಚಪ್ಪಡಿಗಳ ಕೋಣೆಯೂ ಅದನ್ನು ಸುತ್ತುವರಿದ ಕಲ್ಲುಗಳ ವೃತ್ತವೂ ಒಂದೇ ರಚನೆಯ ಅಂಗಗಳು. ಅಲ್ಲಿ ಕ್ರಾಮ್‌ಲೆಕ್ ಎಂದರೆ ಯಾವುದನ್ನು ಹೇಳಿದಂತಾಯಿತು? 1949ರಲ್ಲಿ ವಿ. ಡಿ. ಕೃಷ್ಣಸ್ವಾಮಿಯವರು ದಕ್ಷಿಣ ಭಾರತದ ಈ ಸ್ಮಾರಕಗಳನ್ನು ರಚನೆಯನ್ನನುಸರಿಸಿ ವರ್ಗೀಕರಿಸಿದ ಮೇಲೂ ಹಳೆಯ ಪದ ನಮ್ಮ ಟಿಪ್ಪಣಿಗಳಲ್ಲಿ ಉಳಿದಿರುವುದು ಸೋಜಿಗ.

ಪದದೊಡನೆ ಒಂದು ಊಹೆಯೂ ಬಂದಿತು. ಟೇಲರನು ಈ ಅವಶೇಷಗಳಿಗೆ ಕೊಟ್ಟ ವಿಶೇಷಣ ‘ಸಿಥೋ-ಡ್ರೂಯಿಡಿಕಲ್’. ಪಶ್ಚಿಮ ಯುರೋಪಿನ ಶಿಲಾಕೋಣೆಗಳು ನವಶಿಲಾಯುಗದವು. ನಮ್ಮವು ಬಹುಪಾಲು ಕಬ್ಬಿಣ ಯುಗದವು. ನಡುವೆ ಸಾವಿರಾರು ವರ್ಷಗಳ ಅಂತರವಿದೆ. ಆಕೃತಿಸಾಮ್ಯದಿಂದ ಜನಾಂಗಸಂಬಂಧವನ್ನು ಊಹಿಸುವುದು ಅಸಾಧು. ಡಾಲ್ಮೆನ್ ಪದವೂ ಡ್ರೂಯಿಡರ ಸಹವಾಸದಿಂದ ಪೂರ್ಣ ಮುಕ್ತವಲ್ಲ. ಆದರೂ ಅದು ಸೂಚಿಸುವ ವಸ್ತು ಯಾವುದೆಂಬ ಸಂಶಯವಂತೂ ಇಲ್ಲ.

ಹಿರೇಬೆಣಕಲ್ಲಿನ ಜನ ತಮ್ಮ ಬೆಟ್ಟವನ್ನು ಮೋರ್ಯರ ಗುಡ್ಡವೆನ್ನುತ್ತಾರೆ. (ಇದನ್ನು ಕೇಳಿದೊಡನೆ ಅಶೋಕನ ವಂಶವನ್ನು ನೆನೆಯುವವರೂ ಉಂಟು, ಅದು ಬೇರೆ ಚರ್ಚೆ.) ‘ಕಲ್ಮನೆ’, ‘ಕಲ್ಲುವೃತ್ತ’ ಎಂದು ಬರೆದರೆ ತರಗತಿಯಲ್ಲಿ ಗೊಂದಲವಾಗದು. ಟೇಲರನ ಮಾತನ್ನು ಉದ್ಧರಿಸುವಾಗ ಮಾತ್ರ ಆತನ ಪದವನ್ನೇ ಉಳಿಸಿ, ಅದು ಕೋಣೆಯೆಂದು ಅಲ್ಲಿಯೇ ಸೂಚಿಸತಕ್ಕದ್ದು.